ಗೋಡೆ ಇನ್ನೊಂದು ವರ್ಷ ತಾಳುತ್ತದೆ

೬ ಜನವರಿ

ಮಗಳೇ,

ಫೋನಿನಲ್ಲಿ ಜಗಳ ಆಡುವುದು ನನಗೆ ಒಗ್ಗುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಅಮ್ಮ ಫೋನು ಕಿತ್ತುಕೊಂಡು "ಊಟ ಆಯ್ತಾ, ಚಳಿ ಇದ್ಯಾ" ಅಂತ ಶುರು ಮಾಡುತ್ತಾಳೆ. ಅಷ್ಟರಲ್ಲಿ ನನ್ನ ಮಾತು ಆರಿಹೋಗಿರುತ್ತದೆ. ಅದಕ್ಕೇ ನೀನು ಹಾಸ್ಟೆಲಿನಲ್ಲಿದ್ದಾಗಿನ ಹಾಗೆ ಕಾಗದ ಬರೆಯುತ್ತಿದ್ದೇನೆ. ಇದರಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ರಜೆಗೆ ಬಂದಾಗ ನೀನು ಹೇಳಿದೆ: ಈಗ ಜಗತ್ತೇ ಒಂದು ಸಂತೆ, ಒಳ್ಳೆಯ ಸರಕನ್ನು ಕಡಿಮೆ ಬೆಲೆಗೆ ಯಾರು ಕೊಟ್ಟರೂ ಕೊಳ್ಳುತ್ತಾರೆ, ಇದರಲ್ಲಿ ಅನ್ಯಾಯ ಎಲ್ಲಿದೆ ಅಂತ. ನಾನು ಎದ್ದು ಹೋದೆ. ಉತ್ತರ ಇರಲಿಲ್ಲ ಅಂದುಕೊಳ್ಳಬೇಡ. ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಮ್ಮ ಗಾಜಿನ ಕಾರ್ಖಾನೆಯ ಔಷಧಿ ಸೀಸೆಗಳನ್ನು ಬೇಡ ಅಂದವರು ಯಾರು, ಯಾಕೆ ಬೇಡವಾಯಿತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಆರ್ಡರು ಬರುತ್ತಿತ್ತು, ಬರುವುದು ನಿಂತಿತು, ಅಷ್ಟೇ.

ನಿನಗೆ ಗೊತ್ತಲ್ಲ, ಗಾಜಿನ ಕುಲುಮೆ ಅಡುಗೆಮನೆಯ ಒಲೆಯಲ್ಲ, ಬೇಕಾದಾಗ ಹೊತ್ತಿಸಿ ಬೇಡವಾದಾಗ ಆರಿಸುವುದಕ್ಕೆ. ಒಮ್ಮೆ ಆರಿದರೆ ಒಳಗಿನ ಗಾಜು ಕಲ್ಲಾಗಿ ಇಟ್ಟಿಗೆ ಬಿರಿದು ಕುಲುಮೆಯೇ ಸತ್ತುಹೋಗುತ್ತದೆ. ಆದ್ದರಿಂದ ಕೆಲಸ ಇರಲಿ ಬಿಡಲಿ, ದೊಡ್ಡ ಕುಲುಮೆಯನ್ನೂ ಚಿಕ್ಕದನ್ನೂ ಉರಿಸುತ್ತಲೇ ಇದ್ದೇವೆ. ಯಜಮಾನರು ಬೇಸಿಗೆಯವರೆಗೆ ನೋಡುತ್ತಾರಂತೆ. ಆಮೇಲೆ ಆರಿಸುತ್ತಾರಂತೆ.

ನೀನಿರುವ ಔಷಧಿ ಕಂಪನಿ ನಾಲ್ಕು ದೇಶಗಳಿಗೆ ಬೇಕಾಗುವ ಸೀಸೆ ಕೊಳ್ಳುತ್ತದೆ, ನೀನು ಕೊಳ್ಳುವ ವಿಭಾಗದಲ್ಲೇ ಕೂತಿದ್ದೀಯ. ನನಗೆ ಶಿಫಾರಸು ಬೇಡ. ನಮ್ಮ ಸೀಸೆಯನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿ ಅಂತ ಹೇಳು. ನೋಡಿದ ಮೇಲೆ ಬೇಡ ಅಂದರೆ ನನ್ನ ತಕರಾರಿಲ್ಲ. ನಿನ್ನ ಸೋದರಮಾವನ ಗಡಿಬಿಡಿ ಗೊತ್ತೇ ಇದೆ, ಕಾರ್ಖಾನೆಯಲ್ಲಿ ಅವನ ಹೆಸರೇ 'ಗಡಿಬಿಡಿ' ಆಗಿದೆ. ದಿನಾ ಬಂದು ಕೇಳುತ್ತಾನೆ: "ಬರೆದ್ರಾ ಭಾವ? ಅವಳಿಗೆ ಸೈಕಲ್ ಕಲಿಸಿದ್ದು ನಾನು. ಒಂದು ಸೀಸೆ ನೋಡೋಕೆ ಆಗಲ್ವಂತಾ ಅವಳಿಗೆ?"

ಜಗಳ ಇನ್ನೂ ಬಾಕಿ ಇಟ್ಟುಕೊಂಡಿರುವ,
ನಿನ್ನ ಅಪ್ಪ


೨೨ ಜನವರಿ

ಅಪ್ಪ,

ನಡುವೆ ಬಾಯಿ ಹಾಕುವಂತಿಲ್ಲ ಅಂದಿರಿ. ಕೊನೆಯಲ್ಲಿ ಹಾಕುತ್ತಿದ್ದೇನೆ.

ಮೊದಲು ಕೆಲಸದ ಮಾತು. ನಮ್ಮ ಹಿರಿಯ ಮೇಡಂ ಬಳಿ ಹೋಗಿ, ಆ ಕಾರ್ಖಾನೆಯಲ್ಲಿ ನನ್ನ ತಂದೆ ಕುಲುಮೆ ಮೇಸ್ತ್ರಿ, ಮಾವ ಕೂಡ ಅಲ್ಲೇ ಕೆಲಸಕ್ಕಿದ್ದಾರೆ ಅಂತ ಬರೆದುಕೊಟ್ಟೆ. ಅವರು ನಕ್ಕರು. "ನಿನ್ನಪ್ಪ ಯಾರು ಅಂತ ಕಂಪ್ಯೂಟರಿಗೆ ಗೊತ್ತಿಲ್ಲಮ್ಮ, ಮಾದರಿ ಕಳಿಸೋಕೆ ಹೇಳು" ಅಂದರು. ನಮ್ಮಲ್ಲಿ ನಡೆಯುವುದು ತಲೆಕೆಳಗಾದ ಹರಾಜು. ಮಾದರಿ ಪಾಸಾದ ಕಾರ್ಖಾನೆಗಳವರೆಲ್ಲ ಗೊತ್ತುಮಾಡಿದ ದಿನ ಅವರವರ ಊರಿನಲ್ಲಿ ಪರದೆಯ ಮುಂದೆ ಕೂರುತ್ತಾರೆ. ಒಬ್ಬರು ಒಂದು ಬೆಲೆ ಹಾಕಿದರೆ ಇನ್ನೊಬ್ಬರು ಅದಕ್ಕಿಂತ ಕಡಿಮೆ ಹಾಕುತ್ತಾರೆ. ಯಾರ ಹೆಸರೂ ಯಾರಿಗೂ ಕಾಣುವುದಿಲ್ಲ. ಎಲ್ಲರೂ ಕೈ ಬಿಟ್ಟ ಮೇಲೆ ಉಳಿಯುವವರಿಗೆ ಆರ್ಡರು.

ಇನ್ನು ಜಗಳ. ಹೊರಗಿನ ಸರಕು ಬಾರದಂತೆ ದೇಶಕ್ಕೆ ಬಾಗಿಲು ಹಾಕಿದ್ದ ಕಾಲವನ್ನು ನೀವೇ ಬೈಯುತ್ತಿದ್ದಿರಿ. ಯಜಮಾನರ ಅಳಿಯ ಮಾರಿದ್ದೇ ಸೀಸೆ, ಗುಳ್ಳೆ ಇದ್ದರೂ ಬಾಯಿ ಸೊಟ್ಟಗಿದ್ದರೂ ಕೊಳ್ಳಲೇಬೇಕು, ಟಾನಿಕ್ ಸೋರಿ ಅಂಗಡಿಯವರು ಶಾಪ ಹಾಕುತ್ತಿದ್ದರು ಅಂತ ಎಷ್ಟು ಸಲ ಹೇಳಿಲ್ಲ ನೀವು? ಈಗ ಅಳಿಯನ ಆಟ ನಡೆಯುವುದಿಲ್ಲ. ಸೀಸೆ ಅಗ್ಗವಾದರೆ ಔಷಧಿ ಅಗ್ಗವಾಗುತ್ತದೆ, ಎಲ್ಲೋ ಒಂದು ಮಗುವಿನ ಜ್ವರ ಇಳಿಯುತ್ತದೆ. ಆ ಮಗು ಯಾವ ದೇಶದ್ದು ಅಂತ ಕೇಳಬೇಕೆ? ಅಷ್ಟು ದೂರ ಯಾಕೆ, ನನ್ನನ್ನೇ ನೋಡಿ. ಮೇಸ್ತ್ರಿಯ ಮಗಳನ್ನು ಯಾರ ಶಿಫಾರಸೂ ಇಲ್ಲದೆ ಈ ಕುರ್ಚಿಯಲ್ಲಿ ಕೂರಿಸಿದ್ದು ಅದೇ ತೆರೆದ ಬಾಗಿಲು.

ಮಾದರಿ ಕಳಿಸಿ. ಚೆನ್ನಾಗಿರುವುದನ್ನು ಆರಿಸಿ ಕಳಿಸಬೇಡಿ, ಸಾಲಿನಲ್ಲಿ ಬಂದದ್ದನ್ನು ಬಂದ ಹಾಗೇ ಕಳಿಸಿ. ಮಾವನಿಗೆ ಹೇಳಿ, ಅವರು ಸೈಕಲ್ ಕಲಿಸುವಾಗ ಹಿಂದಿನಿಂದ ಕೈ ಬಿಟ್ಟು ಓಡಿಹೋಗಿದ್ದರು. ಮೊಣಕಾಲಿನ ಗುರುತು ಇನ್ನೂ ಇದೆ.

ಮಾತಿಗೆ ಮಾತು ಸೇರಿಸುವ,
ನಿಮ್ಮ ಮಗಳು


೩ ಮಾರ್ಚ್

ಮಗಳೇ,

ನಮ್ಮ ಸೀಸೆ ಪಾಸಾಗಿದೆ ಅಂತ ಮ್ಯಾನೇಜರ್ ಕಾಗದ ಎತ್ತಿ ತೋರಿಸಿದರು. ನಿನ್ನ ಮಾವ ಆ ಕಾಗದವನ್ನು ಅವರ ಕೈಯಿಂದ ಕಸಿದುಕೊಂಡು ಪ್ಯಾಕಿಂಗ್ ಹೆಂಗಸರವರೆಗೆ ಓಡಿದ. ಅದರಲ್ಲಿ ಏನಿದೆ ಅಂತ ಓದಲು ಅವನಿಗೆ ಪುರಸೊತ್ತಿರಲಿಲ್ಲ.

ಆಮೇಲೆ ಕ್ಯಾಂಟೀನಿನಲ್ಲಿ ಸಭೆ. ಹರಾಜಿನಲ್ಲಿ ಎಷ್ಟರವರೆಗೆ ಇಳಿಯಬಹುದು ಅಂತ ಮ್ಯಾನೇಜರ್ ಕೇಳಿದರು. ಹೆಚ್ಚು ಹೊತ್ತು ದುಡಿದದ್ದರ ಓಟಿ ಹಣ ಬೇಡ ಅಂತ ನಾವೇ ಹೇಳಿದೆವು. ಅದು ಏನೇನೂ ಸಾಲದು. ಇಂಧನದ ಬೆಲೆ ನಮ್ಮ ಕೈಯಲ್ಲಿಲ್ಲ, ಮಣ್ಣುಮರಳಿನ ಬೆಲೆಯೂ ಇಲ್ಲ. ಆಗ ನನಗೆ ಹೊಳೆಯಿತು. ಈ ಬೇಸಿಗೆಯಲ್ಲಿ ದೊಡ್ಡ ಕುಲುಮೆ ಆರಿಸಿ ಒಳಗೋಡೆಯ ಇಟ್ಟಿಗೆ ಬದಲಾಯಿಸಬೇಕು ಅಂತ ಇತ್ತು. ಕಾದ ಗಾಜು ಆ ಗೋಡೆಯನ್ನು ಸದಾ ನೆಕ್ಕುತ್ತಿರುತ್ತದೆ, ವರ್ಷ ಕಳೆದಂತೆ ಇಟ್ಟಿಗೆ ಸವೆಯುತ್ತದೆ. ಬದಲಾಯಿಸುವುದು ಕಾರ್ಖಾನೆಗೆ ಮದುವೆ ಖರ್ಚಿನ ಹಾಗೆ. ಅದೊಂದನ್ನು ಮುಂದೂಡಿದರೆ ಬೆಲೆ ತಾನಾಗಿ ಇಳಿಯುತ್ತದೆ.

"ತಾಳುತ್ತಾ ಮೇಸ್ತ್ರೀ?" ಅಂತ ಮ್ಯಾನೇಜರ್ ಕೇಳಿದರು. ನಾನು ಎರಡು ದಿನ ಟೈಮು ಕೇಳಿ ಗೋಡೆಯ ಸುತ್ತ ಹೊರಗಿನಿಂದ ಕೈಯಳತೆ ದೂರದಲ್ಲಿ ನಿಂತು ಬಣ್ಣ ನೋಡಿದೆ, ಇಣುಕುಗಂಡಿಯಿಂದ ಒಳಗೂ ನೋಡಿದೆ. ಇನ್ನೊಂದು ವರ್ಷ ತಾಳುತ್ತದೆ ಅಂದೆ. ತೆಳುವಾದ ಕಡೆ ಹೊರಗಿನಿಂದ ಗಾಳಿ ಊದಿಸಿ ತಣ್ಣಗಿಡಬಹುದು. ನಿನ್ನ ಮಾವ ನನ್ನ ಬೆನ್ನಿಗೆ ಕೊಟ್ಟ ಏಟು ಇನ್ನೂ ಉರಿಯುತ್ತಿದೆ.

ನಿನ್ನ ವಾದಕ್ಕೆ ಉತ್ತರ: ಬಾಗಿಲು ಹಾಕಿದ್ದ ಕಾಲದಲ್ಲಿ ಬೈಯಲು ಒಬ್ಬ ಅಳಿಯನಾದರೂ ಇದ್ದ, ಗೇಟಿನ ಮುಂದೆ ನಿಂತು ಬೈದು ಮನೆಗೆ ಬರುತ್ತಿದ್ದೆವು. ಈಗ ಯಾರನ್ನು ಬೈಯಲಿ, ನಿನ್ನನ್ನೇ? ಆದರೂ ಈ ಸಲ ನಿನ್ನ ಹರಾಜಿನ ಮೇಲೆ ಸ್ವಲ್ಪ ಆಸೆ ಹುಟ್ಟಿದೆ ಅಂತ ಒಪ್ಪಿಕೊಳ್ಳುತ್ತೇನೆ.

ಆಸೆಬುರುಕ,
ನಿನ್ನ ಅಪ್ಪ


೧೯ ಮಾರ್ಚ್

ಅಪ್ಪ,

ನೀವು ಗೆದ್ದಿರಿ. ಅದು ನಿಮಗೆ ಗೊತ್ತೇ ಇದೆ, ನನ್ನ ಬಾಯಿಂದಲೂ ಕೇಳಿ ಅಂತ ಬರೆದೆ. ಹೆಸರುಗಳು ನಮ್ಮ ಪರದೆಯಲ್ಲಿ ಮಾತ್ರ ಕಾಣುತ್ತವೆ. ಒಂದೊಂದೇ ಕಾರ್ಖಾನೆ ಕೈ ಬಿಡುತ್ತ ಬಂದು ಕೊನೆಗೆ ಎರಡೇ ಉಳಿದಾಗ ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ಕಂಪ್ಯೂಟರಿಗೆ ನನ್ನಪ್ಪ ಗೊತ್ತಿಲ್ಲದಿರಬಹುದು, ನನಗೆ ಗೊತ್ತಲ್ಲ.

ಇನ್ನೊಂದು ಮಾತು ಇದೆ, ಹೇಳದೆ ಇರಲಾರೆ. ಸೋತ ಆ ಇನ್ನೊಂದು ಕಾರ್ಖಾನೆ ಸಮುದ್ರದಾಚೆಯದು. ಅಲ್ಲಿ ವ್ಯವಹಾರ ನೋಡಿಕೊಳ್ಳುವವರು ವಯಸ್ಸಾದವರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೀಸೆಯ ತಪ್ಪು ಹಿಡಿಯುವುದನ್ನು ಫೋನಿನಲ್ಲೇ ತಾಳ್ಮೆಯಿಂದ ಕಲಿಸಿದವರು. ಮಾತಿಗೊಮ್ಮೆ ಕೆಮ್ಮುತ್ತಾರೆ, ಅದಕ್ಕೆ ನಾನು ಕೆಮ್ಮಿನ ತಾತ ಅಂತ ಹೆಸರಿಟ್ಟಿದ್ದೆ. ಹರಾಜಿನ ಮಾರನೆಯ ದಿನ ನನಗೆ ಬರೆದರು. ಅವರ ಕುಲುಮೆಗೆ ಇದೊಂದೇ ಆರ್ಡರು ಉಳಿದಿತ್ತಂತೆ, ಈ ವಾರ ಆರಿಸುತ್ತಾರಂತೆ. ಗೆದ್ದವರು ಯಾರೋ ತಿಳಿಯದು, ಅವರ ಬೆಂಕಿ ಬಹುಕಾಲ ಉರಿಯಲಿ ಅಂತ ಬರೆದಿದ್ದಾರೆ. ಇದನ್ನು ನಿಮಗೆ ತಿಳಿಸುವುದು ನಮ್ಮ ನಿಯಮಕ್ಕೆ ವಿರುದ್ಧ. ತಿಳಿಸಿದ್ದೇನೆ.

ನಿಮ್ಮನ್ನು ಚುಚ್ಚಲು ಬರೆದದ್ದಲ್ಲ. ಖುಷಿಪಡಬೇಕೋ ಬೇಡವೋ ಗೊತ್ತಾಗದೆ ಕೂತಿದ್ದೇನೆ, ಜೊತೆಗೆ ಕೂರಲು ಇನ್ನೊಬ್ಬರು ಬೇಕಿತ್ತು. ಅಂದ ಹಾಗೆ, ಇಟ್ಟಿಗೆ ವಿಷಯ ಸರಿಯಾಗಿ ನೋಡಿದ್ದೀರಿ ತಾನೆ?

ನಿಮ್ಮ ಮಗಳು


೧೧ ಏಪ್ರಿಲ್

ಮಗಳೇ,

ನಿನ್ನ ಕಾಗದ ಓದಿದ ದಿನ ಊಟ ಸೇರಲಿಲ್ಲ. ಅಮ್ಮ ಏನಾಯಿತು ಅಂದಳು, ಹಲ್ಲು ನೋವು ಅಂದೆ.

ನನ್ನ ಜಗಳ ನಿನ್ನ ಕಂಪನಿಯ ಮೇಲೆ ಅಂದುಕೊಂಡಿದ್ದೆ. ಇಳಿಸಿದ ಬೆಲೆ ಹೋಗಿ ಬಿದ್ದದ್ದು ಮಾತ್ರ ಆ ತಾತನ ತಲೆಯ ಮೇಲೆ. ಅವನ ಕುಲುಮೆಯ ಮುಂದೆಯೂ ನನ್ನಂಥವನೊಬ್ಬ ಇರುತ್ತಾನೆ, ನಿನ್ನ ಮಾವನಂಥವನೂ ಇರುತ್ತಾನೆ. ಯಾರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇವೆ ಅಂತ ಕಾಣದ ಹಾಗೆ ಹೆಸರು ಮುಚ್ಚಿಡುತ್ತಾರೆ. ನೀನು ಅದನ್ನು ನ್ಯಾಯ ಅಂದೆ. ಇರಲಿ, ಬೈಯುವ ಯೋಗ್ಯತೆ ಈಗ ನನಗೂ ಇಲ್ಲ. ಗೆದ್ದ ದಿನ ನಾನೂ ಎಲ್ಲರ ಜೊತೆ ಕುಣಿದವನೇ.

ಇಲ್ಲಿ ಕೆಲಸ ಮೈತುಂಬ ಇದೆ. ಮನೆಗೆ ಕಳಿಸಿದ್ದವರನ್ನೆಲ್ಲ ವಾಪಸು ಕರೆದಿದ್ದಾರೆ. ಕ್ಯಾಂಟೀನಿನಲ್ಲಿ ಕೂರಲು ಬೆಂಚು ಸಾಲದೆ ಕೆಲವರು ನಿಂತೇ ಟೀ ಕುಡಿಯುತ್ತಾರೆ, ಆ ನೂಕುನುಗ್ಗಲು ನೋಡಿದರೆ ಮನಸ್ಸು ತುಂಬುತ್ತದೆ. ಇಟ್ಟಿಗೆಯ ಚಿಂತೆ ನಿನಗೆ ಬೇಡ. ಗೋಡೆಯ ಒಂದು ಮೂಲೆ ಸ್ವಲ್ಪ ಕೆಂಪಗೆ ಕಾಣುತ್ತದೆ, ಅಲ್ಲಿಗೆ ಫ್ಯಾನು ಇಟ್ಟಿದ್ದೇವೆ. ನಿನ್ನ ಮಾವ ಅಲ್ಲೇ ಕಾವಲಿಗೆ ನಿಲ್ಲುತ್ತಾನೆ. ಒಂದು ಕಡೆ ನಿಲ್ಲುವ ಕೆಲಸವನ್ನು ಅವನಿಗೆ ಕೊಟ್ಟಿದ್ದೇ ಎಲ್ಲರಿಗೂ ತಮಾಷೆಯಾಗಿದೆ.

ನಿನ್ನ ಅಪ್ಪ


೨ ಜುಲೈ

ಅಪ್ಪ,

ಎರಡು ಕಂತು ಸೀಸೆ ತಡವಾಗಿ ಬಂದಿವೆ. ಇನ್ನೊಮ್ಮೆ ತಡವಾದರೆ ದಂಡ ಅಂತ ಕರಾರಿನಲ್ಲೇ ಇದೆ. ನಿಮ್ಮ ಮ್ಯಾನೇಜರಿಗೆ ಒಂದು ಎಚ್ಚರಿಕೆಯ ಪತ್ರ ಹೋಗಿದೆ, ಕೆಳಗಿರುವ ಸಹಿ ನನ್ನದು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ ಅನ್ನಿಸಿತು.

ಬೇಗ ಕೊಡಬೇಕಾದರೆ ಕುಲುಮೆಯ ಬಿಸಿ ಹೆಚ್ಚಿಸಬೇಕು, ಹೆಚ್ಚಿಸಿದರೆ ಗೋಡೆ ಬೇಗ ಸವೆಯುತ್ತದೆ ಅಂತ ನೀವು ಹಿಂದೊಮ್ಮೆ ಹೇಳಿದ್ದು ನೆನಪಿದೆ. ಹೆಚ್ಚಿಸಿದ್ದಾರಾ? ನನ್ನ ಎರಡು ಕಾಗದಕ್ಕೆ ನೀವು ಉತ್ತರ ಬರೆದಿಲ್ಲ. ಫೋನಿನಲ್ಲಿ ಹಲ್ಲುನೋವು ಅನ್ನುತ್ತೀರಿ. ಅಷ್ಟು ದಿನ ಯಾರಿಗೂ ಹಲ್ಲು ನೋಯುವುದಿಲ್ಲ ಅಪ್ಪ.

ನಿಮ್ಮ ಮಗಳು


೧೪ ಆಗಸ್ಟ್

ಮಗಳೇ,

ಮಾವನ ಮಣ್ಣಿಗೆ ಬಂದವಳು ಎಲ್ಲರನ್ನೂ ಕೇಳಿದೆ, ಹೇಗಾಯಿತು ಅಂತ. ನನ್ನನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೂ ಅವತ್ತು ನನ್ನಿಂದ ಹೇಳಲಾಗುತ್ತಿರಲಿಲ್ಲ. ಈಗ ಬರೆಯುತ್ತೇನೆ.

ಬಿಸಿ ಹೆಚ್ಚಿಸಿದ್ದರು. ನಾನು ಎರಡು ಸಲ ಬೇಡ ಅಂದೆ, ಮೂರನೆಯ ಸಲ ಸುಮ್ಮನಾದೆ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಆ ಕೆಂಪು ಮೂಲೆಯಿಂದ ಗಾಜು ಸೋರಲು ಶುರುವಾಗಿತ್ತು. ಸೋರಿದರೆ ನೀರು ಹೊಡೆದು ಗಾಜನ್ನು ಅಲ್ಲೇ ಹೆಪ್ಪುಗಟ್ಟಿಸಬೇಕು, ಅದೇ ಪದ್ಧತಿ. ಮಾವ ಪೈಪು ಹಿಡಿದು ನಿಂತಿದ್ದ. ಅವತ್ತು ಅವನು ಗಡಿಬಿಡಿ ಮಾಡಲಿಲ್ಲ ಮಗಳೇ. ದೂರದಲ್ಲೇ ನಿಂತು, ನಾನು ಹೇಳಿಕೊಟ್ಟ ಹಾಗೇ, ಅಂಚಿನಿಂದ ಒಳಕ್ಕೆ ನೀರು ಹೊಡೆಯುತ್ತಿದ್ದ. ಸೋರುವುದು ನಿಂತೂ ಹೋಯಿತು. ತಿರುಗಿ ನನ್ನ ಕಡೆ ನೋಡಿ "ಆಯ್ತು ಭಾವ" ಅಂದ. ಆಗ ಗೋಡೆ ಅಷ್ಟಗಲಕ್ಕೂ ಬಿಟ್ಟುಕೊಂಡಿತು.

ತನಿಖೆ ಮಾಡಿದವರು 'ಕೆಲಸಗಾರನ ಆತುರದಿಂದ' ಅಂತ ಬರೆದಿದ್ದಾರೆ. ಅವನ ಅಡ್ಡಹೆಸರನ್ನು ಯಾರೋ ಅವರಿಗೆ ಹೇಳಿರಬೇಕು. ಅದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಗೋಡೆ ತಾಳುತ್ತದೆ ಅಂದವನು ನಾನು. ಇದನ್ನು ಅಮ್ಮನಿಗೆ ಹೇಳಿದೆ. ತಮ್ಮನನ್ನು ಕಳೆದುಕೊಂಡವಳು ನನ್ನ ತಟ್ಟೆಗೆ ಊಟ ಬಡಿಸಿದಳು.

ಅಪ್ಪ


೨ ಸೆಪ್ಟೆಂಬರ್

ಅಪ್ಪ,

ಈ ಕಾಗದವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ.

ದೊಡ್ಡ ಕುಲುಮೆ ಹೋದ್ದರಿಂದ ನಿಮ್ಮ ಆರ್ಡರು ರದ್ದಾಗಿದೆ. ಕೆಮ್ಮಿನ ತಾತನಿಗೆ ಫೋನು ಮಾಡಿದೆ. ಅವರ ಕುಲುಮೆ ಮತ್ತೆ ಹೊತ್ತುವ ಸ್ಥಿತಿಯಲ್ಲಿಲ್ಲ. ಕೆಲಸದವರು ಚದುರಿಹೋಗಿದ್ದಾರೆ. ಆದ್ದರಿಂದ ಅಕ್ಟೋಬರಿನಲ್ಲಿ ಮತ್ತೆ ಹರಾಜು. ಹೋದ ಸಲ ನೀವು ಗೆದ್ದ ಬೆಲೆಯಿಂದಲೇ ಶುರು, ಅಲ್ಲಿಂದ ಕೆಳಕ್ಕೆ. ನಿಮ್ಮ ಮ್ಯಾನೇಜರ್ ಚಿಕ್ಕ ಕುಲುಮೆಯ ಹೆಸರಿನಲ್ಲಿ ಅರ್ಜಿ ಹಾಕಿದ್ದಾರೆ. ಅದು ನಿಮಗೆ ಗೊತ್ತೇ?

ಬಾಗಿಲು ಮುಚ್ಚಿ ಅಂತ ನಾನು ಈಗಲೂ ಹೇಳಲಾರೆ. ಮುಚ್ಚಿದರೆ ಒಳಗೆ ಮತ್ತೆ ಅಳಿಯನೇ ಬಂದು ಕೂರುತ್ತಾನೆ. ಆದರೆ ನನ್ನ ಪರದೆಯಲ್ಲಿ ಬೆಲೆಗೆ ಒಂದು ಕಾಲಂ ಇದೆ, ಗುಣಕ್ಕೆ ಇದೆ, ತಲುಪುವ ದಿನಕ್ಕೆ ಇದೆ. ಇಟ್ಟಿಗೆಗೆ ಇಲ್ಲ. ಮಾವ ನಿಂತಿದ್ದ ಜಾಗಕ್ಕೆ ಇಲ್ಲ. ಇಷ್ಟು ವರ್ಷ ಅದರ ಮುಂದೆ ಕೂತು ನಾನು ಏನನ್ನು ನೋಡುತ್ತಿದ್ದೆ ಅಂತ ನನಗೇ ಹೇಸಿಗೆಯಾಗುತ್ತದೆ.

ಮಾವನಿಲ್ಲದ ಮನೆಯಲ್ಲಿ ಅತ್ತೆಯನ್ನು ನೋಡಿಕೊಳ್ಳಿ. ನನ್ನ ಫೋನು ಅವರು ಎತ್ತುತ್ತಿಲ್ಲ.

ನಿಮ್ಮ ಮಗಳು


೧೫ ಸೆಪ್ಟೆಂಬರ್

ಮಗಳೇ,

ಗೊತ್ತು. ಕ್ಯಾಂಟೀನಿನಲ್ಲಿ ಮತ್ತೆ ಸಭೆ ಆಯಿತು. ಚಿಕ್ಕ ಕುಲುಮೆಯ ಇಟ್ಟಿಗೆಯೂ ದೊಡ್ಡದರ ಜೊತೆಗೇ ಕಟ್ಟಿದ್ದು, ಅದೇ ವಯಸ್ಸು. ಈ ಸಲ ನಾನು ಎದ್ದು ನಿಂತು ಹೇಳಿದೆ, ತಾಳುವುದಿಲ್ಲ ಅಂತ. ಮ್ಯಾನೇಜರ್ ಸಿಟ್ಟು ಮಾಡಲಿಲ್ಲ. "ಹಾಗಾದ್ರೆ ನಾಳೆಯಿಂದ ಕೆಲಸ ಇಲ್ಲ ಅಂತ ಇವರಿಗೆ ನೀವೇ ಹೇಳಿಬಿಡಿ ಮೇಸ್ತ್ರೀ" ಅಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕೂಗು ಎದ್ದಿತು. "ಹೋದ ಸಲ ತಾಳತ್ತೆ ಅಂದ್ರಿ, ತಾಳಲಿಲ್ಲ. ಈ ಸಲ ತಾಳಲ್ಲ ಅಂತೀರಿ, ತಾಳಬಹುದಲ್ಲ" ಅಂದ ಒಬ್ಬ. ಕೆಲವರು ನಕ್ಕರು. ಆ ನಗು ಬೇರೆ ಥರ ಇತ್ತು.

ನಿನ್ನ ಅತ್ತೆಗೆ ಪ್ಯಾಕಿಂಗಿನಲ್ಲಿ ಕೆಲಸ ಕೊಟ್ಟಿದ್ದಾರೆ, ಗಂಡನ ಬದಲಿಗೆ ಅಂತ. ಅವಳು ಎದ್ದು "ಬೆಲೆ ಇಳಿಸಿ ಅಣ್ಣ" ಅಂದಳು. ಅಷ್ಟೇ ಅಂದು ಕೂತಳು. ಅವಳ ಮಾತಿನ ಮೇಲೆ ಯಾರು ಮಾತಾಡುತ್ತಾರೆ?

ಜನವರಿಯಲ್ಲಿ ನಿನಗೆ ಬರೆದಾಗ ಶಿಫಾರಸು ಬೇಡ ಅಂದಿದ್ದೆ. ಇವತ್ತು ಕೇಳುತ್ತಿದ್ದೇನೆ. ನಮ್ಮನ್ನು ಸೋಲಿಸು. ಹೇಗೆ ಅಂತ ನನಗೆ ಗೊತ್ತಿಲ್ಲ, ನಿನಗೆ ಗೊತ್ತಿರುತ್ತದೆ. ಈ ಸಲ ನಾವು ಗೆಲ್ಲಬಾರದು.

ಅಪ್ಪ


೨೪ ಸೆಪ್ಟೆಂಬರ್

ಅಪ್ಪ,

ಹರಾಜು ಶುರುವಾದ ಮೇಲೆ ಯಾರ ಕೈಯಲ್ಲೂ ಏನೂ ಇಲ್ಲ. ಅದೇ ಅದರ ಹೆಚ್ಚುಗಾರಿಕೆ ಅಂತ ನಿಮ್ಮ ಮುಂದೆ ಕೊಚ್ಚಿಕೊಂಡವಳು ನಾನೇ.

ಒಂದೇ ದಾರಿ ಇದೆ. ಕುಲುಮೆ ಅಪಾಯದಲ್ಲಿದೆ ಅಂತ ಒಳಗಿನವರು ಯಾರಾದರೂ ಹೆಸರು ಹಾಕಿ ಸಹಿ ಮಾಡಿ ಬರೆದುಕೊಟ್ಟರೆ, ನಾವು ಪರೀಕ್ಷೆ ಮಾಡಿಸಲೇಬೇಕು. ಗೋಡೆ ಸವೆದಿದ್ದರೆ ಕಾರ್ಖಾನೆಯ ಹೆಸರನ್ನು ನಮ್ಮ ಪಟ್ಟಿಯಿಂದ ಹೊಡೆದುಹಾಕುತ್ತಾರೆ, ಈ ಹರಾಜಿನಿಂದ ಮಾತ್ರವಲ್ಲ, ಪೂರ್ತಿಯಾಗಿ. ಬೇರೆ ಕಂಪನಿಗಳಿಗೂ ಸುದ್ದಿ ಹೋಗುತ್ತದೆ. ಬರೆದವರು ಯಾರು ಅಂತ ಯಜಮಾನರಿಗೂ ತಿಳಿಯುತ್ತದೆ.

ನೀವು ಬರೆಯಿರಿ. ನಾಲ್ಕು ಸಾಲು ಸಾಕು. ಕಾರ್ಖಾನೆ ಉಳಿಯುವುದಿಲ್ಲ ಅಂತ ನನಗೆ ಗೊತ್ತಿದೆ, ಗೊತ್ತಿದ್ದೇ ಹೇಳುತ್ತಿದ್ದೇನೆ.

ನಿಮ್ಮ ಮಗಳು


೮ ಅಕ್ಟೋಬರ್

ಮಗಳೇ,

ಬರೆದೆ. ನೀನು ಹೇಳಿದ ಹಾಗೆ ನಾಲ್ಕೇ ಸಾಲು. ಸಹಿ ಹಾಕುವ ಮೊದಲು ನಿನ್ನ ಅತ್ತೆಗೆ ತೋರಿಸಬೇಕು ಅನ್ನಿಸಿತು, ಅವಳಿಗೆ ಗೊತ್ತಿಲ್ಲದೆ ಮಾಡಿದರೆ ಕಳ್ಳತನವಾಗುತ್ತದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ನಿಂತು ಪೂರ್ತಿ ಓದಿದಳು. ಬೈಯುತ್ತಾಳೆ ಅಂದುಕೊಂಡೆ. "ನಾಳೆ ನಂದು ಮೊದಲನೇ ಪಾಳಿ, ಬೇಗ ಏಳ್ಬೇಕು ಅಣ್ಣ" ಅಂದು ಕಾಗದ ನನ್ನ ಕೈಗೆ ಕೊಟ್ಟು ದೀಪ ಆರಿಸಿದಳು. ನಾನು ಕತ್ತಲಲ್ಲೇ ಚಪ್ಪಲಿ ಹುಡುಕಿಕೊಂಡು ಬಂದೆ.

ಸಹಿ ಹಾಕಲು ನನ್ನಿಂದ ಆಗಲಿಲ್ಲ. ಅಷ್ಟು ಮನೆಗಳ ಒಲೆ ಆರಿಸುವ ಧೈರ್ಯ ನನಗಿಲ್ಲ. ನೀನು ನನ್ನನ್ನು ಹೇಡಿ ಅನ್ನು, ಬೇಸರವಿಲ್ಲ.

ಒಂದು ಕೆಲಸ ಮಾಡಿದ್ದೇನೆ. ಚಿಕ್ಕ ಕುಲುಮೆಯ ಗೋಡೆಯ ಬಳಿ ಕಾವಲು ನಿಲ್ಲುವ ಜಾಗಕ್ಕೆ ಮ್ಯಾನೇಜರ್ ಹೊಸಬನೊಬ್ಬನನ್ನು ಹಾಕಿದ್ದರು, ಮನೆಯಲ್ಲಿ ಎಳೆ ಕೂಸಿರುವವನು. ಅವನನ್ನು ತೆಗೆಸಿ ಅಲ್ಲಿಗೆ ನಾನೇ ಹಾಕಿಸಿಕೊಂಡಿದ್ದೇನೆ. ಹೋದ ಸಲ ತಾಳುತ್ತದೆ ಅಂದವನು ಈ ಸಲ ಅಲ್ಲೇ ನಿಲ್ಲುವುದು ಸರಿ. ಮೇಸ್ತ್ರಿಗೆ ಇದೇನು ಹುಚ್ಚು ಅಂತ ಎಲ್ಲರೂ ಅಂದರು. ಈಗ ಮನಸ್ಸಿಗೆ ಸ್ವಲ್ಪ ಹಗುರವಾಗಿದೆ. ಅಮ್ಮನಿಗೆ ಹೇಳಬೇಡ.

ಅಪ್ಪ


೨೦ ಅಕ್ಟೋಬರ್

ಅಪ್ಪ,

ನೀವು ಹಾಕದ ಸಹಿಯನ್ನು ನಾನು ಹಾಕಿದ್ದೇನೆ.

ನಿಮ್ಮ ಕಾಗದ ಬಂದ ದಿನವೇ ಬರೆದುಕೊಟ್ಟೆ: ಆ ಕಾರ್ಖಾನೆಯ ಮೇಸ್ತ್ರಿ ನನ್ನ ತಂದೆ, ಕುಲುಮೆಯ ಗೋಡೆ ತಾಳುವುದಿಲ್ಲ ಅಂತ ಅವರೇ ನನಗೆ ಬರೆದಿದ್ದಾರೆ, ಅವರ ಕಾಗದಗಳು ಇಲ್ಲಿವೆ ಅಂತ. ನಿಮ್ಮ ಕಾಗದಗಳನ್ನೂ ಜೊತೆಗಿಟ್ಟು ಕೊಟ್ಟೆ, ಒಳಗಿನವರ ಸಹಿಯ ಬದಲು ಅವೇ ಸಾಕು ಅಂದರು. ಪರೀಕ್ಷೆ ಮಾಡುವವರು ಮೊನ್ನೆ ಬಂದು ಅಳತೆ ತೆಗೆದುಕೊಂಡು ಹೋದದ್ದು ನೀವು ನೋಡಿರುತ್ತೀರಿ. ನಿನ್ನೆ ನಿಮ್ಮ ಕಾರ್ಖಾನೆಯ ಹೆಸರು ಹೊಡೆದುಹಾಕಿದರು.

ಕೆಲಸ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಸ್ವಂತ ತಂದೆಯ ಕಾರ್ಖಾನೆ ಅಂತಲೂ ನೋಡದೆ ಕಂಪನಿಗೆ ನಷ್ಟ ತಪ್ಪಿಸಿದಳು ಅಂತ ಮೇಡಂ ಎಲ್ಲರೆದುರು ಹೊಗಳಿದರು, ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವ ಮೊದಲೇ ನಾನು ಎದ್ದು ಹೊರಗೆ ಹೋದೆ. ಇವತ್ತು ನಡೆದ ಹರಾಜನ್ನು ಇನ್ನೊಂದು ದೇಶದ ಕಾರ್ಖಾನೆ ಗೆದ್ದಿತು, ಹೋದ ಸಲದ ನಿಮ್ಮ ಬೆಲೆಗಿಂತಲೂ ಕಡಿಮೆಗೆ. ಅವರ ಇಟ್ಟಿಗೆ ಎಷ್ಟು ಹಳೆಯದು ಅಂತ ಕೇಳಿದೆ. ಅಲ್ಲಿಂದ ದೂರೇನೂ ಬಂದಿಲ್ಲವಲ್ಲ ಅಂದರು.

ಜಗತ್ತು ಹೇಗಿರಬೇಕು ಅನ್ನುವ ನಮ್ಮ ಜಗಳದಲ್ಲಿ ಯಾರು ಸರಿ ಅಂತ ನನಗೀಗ ಗೊತ್ತಿಲ್ಲ, ಅದು ಬೇಕಾಗಿಯೂ ಇಲ್ಲ. ನೀವು ಆ ಗೋಡೆಯ ಪಕ್ಕ ನಿಲ್ಲುವುದು ನನಗೆ ಬೇಡವಾಗಿತ್ತು. ಎಷ್ಟು ಬೇಕಾದರೂ ಬೈದು ಬರೆಯಿರಿ. ಬರೆಯಿರಿ ಅಪ್ಪ.

ನಿಮ್ಮ ಮಗಳು


೪ ಡಿಸೆಂಬರ್

ಪುಟ್ಟಿ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ನಿನ್ನಪ್ಪ ಚೆನ್ನಾಗಿದ್ದಾರೆ. ಅವರು ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಿನ್ನ ಮೂರು ಕಾಗದ ಬಂದಿವೆ, ಅವರು ಒಡೆಯಲಿಲ್ಲ. ಫೋನಿನಲ್ಲಿ ಅವರೆದುರು ನಿನ್ನ ಹತ್ತಿರ ಏನು ಮಾತಾಡಲಿ, ಊಟ ಆಯಿತಾ ಅಂತ ಎಷ್ಟು ಸಲ ಕೇಳಲಿ?

ಕುಲುಮೆ ಆರಿಸಿದರು. ಅವತ್ತು ಇವರು ಗೇಟಿನವರೆಗೆ ಹೋಗಿದ್ದರು. ಅಲ್ಲಿ ನಿಂತಿದ್ದವರು ಯಾರೂ ಜಗಳಕ್ಕೆ ಬರಲಿಲ್ಲವಂತೆ, ಮುಖ ತಿರುಗಿಸಿ ದಾರಿ ಬಿಟ್ಟರಂತೆ. ಮಗಳ ಕೈಯಲ್ಲಿ ಬರೆಸಿದ್ದು ಮೇಸ್ತ್ರಿಯೇ ಅಂತ ಎಲ್ಲರೂ ನಂಬಿದ್ದಾರೆ. ಇವರು ಅಲ್ಲ ಅಂತಲೂ ಹೇಳಲಿಲ್ಲ. ಬೀದಿ ಕೊನೆಯ ಅಂಗಡಿಯವನು ಮೊದಲು ಇವರನ್ನು ಕಂಡರೆ ಕುರ್ಚಿ ಹಾಕುತ್ತಿದ್ದ, ಈಗ ಸಾಮಾನು ಕಟ್ಟಿ ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಾನೆ. ಹಾಗಾಗಿ ಅಂಗಡಿಗೆ ನಾನೇ ಹೋಗುತ್ತೇನೆ.

ನಿನ್ನ ಅತ್ತೆಯ ಕೆಲಸವೂ ಹೋಯಿತು. ಅವಳು ತನ್ನ ಒಡಹುಟ್ಟಿದ ಅಣ್ಣನ ಊರಿಗೆ ಹೊರಟಳು. ಹೊರಡುವ ಹಿಂದಿನ ದಿನ ಬಾಗಿಲಲ್ಲೇ ನಿಂತು ಹೇಳಿದಳು: "ನಿಮ್ಮ ಮಗಳು ಅವಳ ಅಪ್ಪನ್ನ ಉಳಿಸ್ಕೊಂಡ್ಲು. ನನ್ನ ಗಂಡ ಅಲ್ಲಿ ನಿಂತಿದ್ದಾಗ ಅವಳಿಗೆ ಸಹಿ ಹಾಕೋಕೆ ಬರ್ತಿರಲಿಲ್ವಾ?" ಅವಳ ಗಂಡ ನನ್ನ ತಮ್ಮ. ಅವಳ ಮಾತಿಗೆ ನಿನ್ನ ಹತ್ತಿರ ಉತ್ತರ ಇದ್ದರೂ ನನಗೆ ಬರೆಯಬೇಡ.

ಇವರು ಊಟ ಮಾಡುತ್ತಾರೆ, ಪೇಪರು ಓದುತ್ತಾರೆ. ನಿನ್ನ ಮಾತು ಬಂದರೆ ಮಗಳು ಅನ್ನುವುದಿಲ್ಲ, "ಆ ಕಂಪನಿಯವರು" ಅನ್ನುತ್ತಾರೆ. ಆ ಕಂಪನಿಯವರು ಫೋನು ಮಾಡಿದ್ದರಾ ಅಂತ ಒಂದು ದಿನ ತಾವಾಗಿಯೇ ಕೇಳಿದರು. ಹೌದು ಅಂದೆ. ಎದ್ದು ಹಿತ್ತಲಿಗೆ ಹೋದರು.

ಬೆಳಿಗ್ಗೆ ಎದ್ದಾಗ ಇವರು ಪಕ್ಕದಲ್ಲಿ ಮಲಗಿರುತ್ತಾರೆ, ಎದೆ ಏರಿಳಿಯುತ್ತಿರುತ್ತದೆ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತೇನೆ. ಆಗ ನಿನ್ನ ತಲೆ ಸವರಬೇಕು ಅನ್ನಿಸುತ್ತದೆ. ಅದನ್ನು ಇವರಿಗೆ ಹೇಳುವ ಧೈರ್ಯ ನನಗಿಲ್ಲ. ರಜೆಗೆ ಟಿಕೆಟ್ ತೆಗೆಸಿದ್ದೇನೆ ಅಂದೆಯಲ್ಲ, ವಾಪಸು ಮಾಡು. ನಾನು ಬಾ ಅನ್ನುವವರೆಗೆ ಬರಬೇಡ.

ನಿನ್ನ ಅಮ್ಮ